ಜೊತೆಯಾಟದಲ್ಲಿ ಮೊದಲು ಕೊಡುವವರು

ನಮ್ಮ ಅತ್ತಿಗೆ ಬಟ್ಟೆ ಆಲ್ಟರ್ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಯಾರೋ ಹೊಲಿದದ್ದನ್ನು ಇನ್ಯಾರಿಗೋ ಹೊಂದಿಸುವ ಅಂಗಡಿ ಅದು. ದಪ್ಪಗಾದವರ ಪ್ಯಾಂಟಿನ ಸೊಂಟ ಬಿಡಿಸುವುದು, ಅಕ್ಕನ ಕೋಟನ್ನು ತಂಗಿಗೆ ಹಿಡಿಸುವುದು, ಕೆಟ್ಟ ಜಿಪ್ಪು ಕಿತ್ತು ಬೇರೆ ಹಾಕುವುದು, ಇಂಥವೇ ದಿನವಿಡೀ. ನಾನು ಅದೇ ಅಂಗಡಿಯ ಇಸ್ತ್ರಿ ಮೇಜಿನವಳು. ಅವರು ಹೊಲಿದು ಈಚೆಗೆ ಹಾಕಿದ್ದನ್ನು ನಾನು ಇಸ್ತ್ರಿ ಮಾಡಿ ಹ್ಯಾಂಗರಿಗೆ ತೂಗುಹಾಕುತ್ತೇನೆ. ಮನೆಯಲ್ಲೂ ಒಟ್ಟಿಗೇ ಇದ್ದೇವೆ: ಅಣ್ಣ, ಅತ್ತಿಗೆ, ಮದುವೆಯ ಗೊಡವೆಗೇ ಹೋಗದ ನಾನು. ಹಾಗಾಗಿ ಅತ್ತಿಗೆಯನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಇನ್ನೊಬ್ಬರಿಲ್ಲ. ಕಟ್ಟಿಕೊಂಡ ಗಂಡ ಇದ್ದಾನಲ್ಲ ಅನ್ನುತ್ತೀರೇನೋ. ಆ ಪುಣ್ಯಾತ್ಮ ನೋಡಿಲ್ಲ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಅಣ್ಣನಿಗೆ ಲಿಫ್ಟ್ ರಿಪೇರಿಯ ಕೆಲಸ. ಬೀದಿಯವರೆಲ್ಲ ಅವನನ್ನು ಲಿಫ್ಟಣ್ಣ ಅಂತಲೇ ಕರೆಯುತ್ತಾರೆ. ಲಿಫ್ಟು ನಡುವೆ ನಿಂತು ಒಳಗೆ ಯಾರಾದರೂ ಸಿಕ್ಕಿಹಾಕಿಕೊಂಡರೆ ಇವನು ಬಾಗಿಲಿಗೆ ಬಾಯಿಟ್ಟು, "ಹೆದರ್ಬೇಡಿಮ್ಮ, ನಾನಿಲ್ಲೇ ಇದೀನಿ, ಎಲ್ಲೂ ಹೋಗಲ್ಲ" ಅಂತ ಜೇನು ಸುರಿಸುತ್ತಾನಂತೆ. ಹೊರಗೆ ಬಂದವರು ಕೈಮುಗಿದು ಹೋಗುತ್ತಾರಂತೆ. ಆ ಜೇನಿನ ಒಂದು ಹನಿಯನ್ನೂ ನಾವು ಮನೆಯಲ್ಲಿ ಕಂಡವರಲ್ಲ. ಹೊಸಿಲು ದಾಟಿದನೆಂದರೆ ಬಾಯಿಗೆ ಬೀಗ. ಹೊಡೆಯುವವನಲ್ಲ, ಬಯ್ಯುವವನಲ್ಲ, ಕುಡಿಯುವವನೂ ಅಲ್ಲ. ಹಾಗಾಗಿ ಯಾರ ಹತ್ತಿರ ಹೇಳಿಕೊಂಡರೂ "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು" ಅನ್ನುತ್ತಾರೆ. ಅತ್ತಿಗೆಯೂ ಹಾಗೇ ಅಂದುಕೊಂಡು ಬಂದವರು.

ನಮ್ಮದು ಎರಡು ಕೋಣೆಯ ಮನೆ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತಿಗೆಯ ಹೊಲಿಗೆ ಮಿಷನ್ ಕಿಟಕಿಯ ಪಕ್ಕ ಇತ್ತು. ಅಣ್ಣನಿಗೆ ಕಾಲು ಚಾಚಿ ಕೂರುವ ಕುರ್ಚಿ ಬಂದಾಗ ಮಿಷನ್ ಅಡುಗೆಮನೆಯ ಗೋಡೆಗೆ ಹೋಯಿತು. ಈಗ ಅವರು ಹಗಲಲ್ಲೂ ದೀಪ ಹಚ್ಚಿಕೊಂಡೇ ದಾರ ಪೋಣಿಸುತ್ತಾರೆ. ಯಾರೂ ತಳ್ಳಿದ್ದಲ್ಲ, ಅವರೇ ಎಳೆದುಕೊಂಡು ಹೋದರು. ಅಂಗಡಿಯ ಯಜಮಾನಿ ತಮ್ಮ ಇನ್ನೊಂದು ಅಂಗಡಿಗೆ ಕಳಿಸಿ ಕಟಿಂಗ್ ಕಲಿಸುತ್ತೇನೆ ಅಂದಾಗಲೂ ಇದೇ ಕಥೆ. ಕೆಲವು ತಿಂಗಳು ಬೇರೆ ಊರಿನಲ್ಲಿ ಇರಬೇಕಾಗಿತ್ತು. ಅಣ್ಣ ಬೇಡ ಅನ್ನಲಿಲ್ಲ. "ನೋಡು, ನಿನ್ನಿಷ್ಟ" ಅಂದು ಟಿವಿ ಕಡೆ ತಿರುಗಿದ. ಅದರ ಅರ್ಥ ಬೇಡ ಅಂತಲೇ ಎಂದು ತಿಳಿದು ಅತ್ತಿಗೆ ಹೋಗಲಿಲ್ಲ. ಅವರ ಕೈಕೆಳಗೆ ಗುಂಡಿ ಹಚ್ಚುತ್ತಿದ್ದ ಹುಡುಗಿ ಹೋಗಿ ಬಂದಳು. ಈಗ ಅವಳು ಕಟಿಂಗ್ ಮಾಸ್ಟರ್. ಅವಳು ಸೀಮೆಸುಣ್ಣದ ಗೆರೆ ಹಾಕಿ ಕೊಟ್ಟದ್ದನ್ನು ಅತ್ತಿಗೆ ಹೊಲಿಯುತ್ತಾರೆ.

ನಾನು ಸಿಟ್ಟಾದರೆ ಅವರು ನನ್ನನ್ನೇ ಸಮಾಧಾನ ಮಾಡುತ್ತಿದ್ದರು. "ಅವರ ಸ್ವಭಾವಾನೇ ಹಾಗೆ ಕಣೆ. ಕೈಬಿಚ್ಚೋಕೆ ಬರಲ್ಲ. ಕೆಲವರಿಗೆ ಬರಲ್ಲ, ಏನ್ಮಾಡೋದು?" ಈ ಒಂದು ನಂಬಿಕೆಯ ಮೇಲೆ ಅವರ ಸಂಸಾರ ನಿಂತಿತ್ತು. ಗಂಡನಿಗೆ ಮನಸ್ಸಿಲ್ಲ ಅಂತಲ್ಲ, ಬರುವುದಿಲ್ಲ. ಬರದವರ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ?

ಹೀಗಿರುವಾಗ ಮನೆಗೆ ಆ ಆಟ ಬಂತು. ಹೆಸರು ಕೋಟೆ, ಫೋನಿನಲ್ಲಿ ಆಡುವ ಕಾರ್ಡಿನಾಟ. ಬಿಡಿಭಾಗ ಬರುವವರೆಗೆ ಲಿಫ್ಟಿನ ಮಿಷನ್ ರೂಮಿನಲ್ಲಿ ಕಾಯುತ್ತಾ ಕೂತು ಅಣ್ಣ ಕಲಿತದ್ದು. ಮಾಮೂಲಿ ಆಟದಲ್ಲಿ ಒಬ್ಬರಿಗೆ ಒಬ್ಬರು ಎದುರು. ಸೈನಿಕ, ಕುದುರೆ, ಆನೆ, ಬೆಂಕಿ ಇಂಥ ಕಾರ್ಡುಗಳನ್ನು ಎಸೆದು ಎದುರಿನವರ ಕೋಟೆ ಕೆಡವಿದರೆ ಗೆದ್ದ ಹಾಗೆ. ಅದು ನನಗೂ ಬರುತ್ತದೆ. ಇವರಿಬ್ಬರಿಗೆ ಹುಚ್ಚು ಹಿಡಿಸಿದ್ದು ಅದರೊಳಗಿನ ಜೊತೆಯಾಟ.

ಜೊತೆಯಾಟದಲ್ಲಿ ಇಬ್ಬರಿಗೆ ಸೇರಿ ಒಂದೇ ಕೋಟೆ, ಎದುರಿಗೂ ಅಂಥದೇ ಒಂದು ಜೋಡಿ. ನಿಮ್ಮ ಕಾರ್ಡು ಜೊತೆಗಾರರಿಗೆ ಕಾಣದು, ಅವರದು ನಿಮಗೆ ಕಾಣದು. ಮಾತಿಲ್ಲ, ಬರಹವಿಲ್ಲ. ಹೂಂ, ಬೇಡ, ಬೇಗ, ಭೇಷ್ ಅನ್ನುವ ಚಿತ್ರಗಳಿವೆ, ಒತ್ತಿದರೆ ಜೊತೆಗಾರರ ಪರದೆಯಲ್ಲಿ ಮೂಡುತ್ತವೆ, ಅಷ್ಟೇ. ಪ್ರತಿ ಸುತ್ತಿನ ಮುಂಚೆ ಒಂದು ಮರಳಿನ ಗಡಿಯಾರ ಓಡುತ್ತದೆ. ಅದು ಖಾಲಿಯಾಗುವುದರೊಳಗೆ ಇಬ್ಬರಲ್ಲಿ ಒಬ್ಬರು ತಮ್ಮ ಒಂದು ಕಾರ್ಡನ್ನು ಇನ್ನೊಬ್ಬರಿಗೆ ಕೊಡಬೇಕು. ಕೊಟ್ಟ ಕಾರ್ಡಿಗೆ ಪಡೆದವರ ಕೈಯಲ್ಲಿ ಇಮ್ಮಡಿ ಬಲ. ಕೊಟ್ಟವರು ಮಾತ್ರ ಆ ಸುತ್ತನ್ನು ಒಂದು ಕಾರ್ಡು ಕಡಿಮೆ ಇಟ್ಟುಕೊಂಡೇ ಆಡಬೇಕು. ಒಬ್ಬರು ಕೊಟ್ಟ ಮೇಲೆ ಆ ಸುತ್ತಿನಲ್ಲಿ ಇನ್ನೊಬ್ಬರು ಕೊಡುವ ಹಾಗಿಲ್ಲ. ಇಬ್ಬರೂ ಬಿಗಿ ಹಿಡಿದು ಕೂತರೆ ಇಬ್ಬರ ಕೈಯಿಂದಲೂ ಒಂದೊಂದು ಕಾರ್ಡು ಸುಟ್ಟುಹೋಗುತ್ತದೆ. ಗೆಲುವು ಇಬ್ಬರದೂ ಹೌದು, ಆದರೆ ಕೋಟೆ ಕೆಡವಿದ ಕೊನೆಯ ಏಟು ಯಾರದೋ ಅವರ ಹೆಸರಿನ ಮುಂದೆ ಮಾತ್ರ ನಕ್ಷತ್ರ ಬೀಳುತ್ತದೆ.

ಈ ಆಟದ ಜಾಣತನವೆಲ್ಲ ಯಾರು ಮೊದಲು ಕೊಡುತ್ತಾರೆ, ಏನು ಕೊಡುತ್ತಾರೆ ಅನ್ನುವುದರಲ್ಲಿದೆ. ಹೊಸಬರು ತಮಗೆ ಬೇಡದ ಕಸವನ್ನು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅತ್ತಿಗೆ ಹಾಗಲ್ಲ. ಅಣ್ಣ ಹಿಂದಿನ ಸುತ್ತಿನಲ್ಲಿ ಏನು ಎಸೆದ, ಏನನ್ನು ಎಸೆಯದೆ ತಡೆದ ಎಂಬುದರ ಮೇಲೆಯೇ ಅವನ ಕೈಯಲ್ಲಿ ಏನಿಲ್ಲ ಅಂತ ಊಹಿಸಿ ಅದನ್ನೇ ಕೊಡುತ್ತಿದ್ದರು. ಆನೆ ಬಂದರೆ ಆನೆ, ಬೆಂಕಿ ಬಂದರೆ ಬೆಂಕಿ. ತಮಗೆ ಸಣ್ಣ ಗುರಾಣಿಗಳನ್ನು ಉಳಿಸಿಕೊಂಡು ಕೋಟೆ ಕಾಯುತ್ತಿದ್ದರು. ಅಣ್ಣ ಹೋಗಿ ಹೊಡೆದು ನಕ್ಷತ್ರ ತರುತ್ತಿದ್ದ. ಅವನ ಹೆಸರಿನ ಮುಂದೆ ಆಕಾಶವೇ ಇಳಿದಿತ್ತು, ಅತ್ತಿಗೆಯ ಹೆಸರು ಬೋಳುಬೋಳಾಗಿ ಕೂತಿತ್ತು.

ಆಡುವ ವೈಖರಿಯನ್ನು ನೀವು ನೋಡಬೇಕಿತ್ತು. ಒಂದೇ ಮಂಚ, ಬೆನ್ನಿಗೆ ಬೆನ್ನು. ಒಂದೇ ಕೋಣೆಯಲ್ಲಿದ್ದುಕೊಂಡು ಮಾತಾಡಿದರೆ ಅದು ಕಳ್ಳಾಟ ಅಂತ ಅಣ್ಣನ ಕಟ್ಟುನಿಟ್ಟು. ಇಬ್ಬರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಗೆದ್ದಾಗ ಅವನು ಭೇಷ್ ಒತ್ತುತ್ತಿದ್ದ, ಅದು ಒಂದು ಗೇಣು ದೂರದಲ್ಲಿದ್ದ ಅತ್ತಿಗೆಯ ಫೋನಿನಲ್ಲಿ ಟಣ್ ಅನ್ನುತ್ತಿತ್ತು. ಅಷ್ಟಕ್ಕೇ ಅವರ ಮುಖ ಅರಳುತ್ತಿತ್ತು. ಬಾಯಲ್ಲಿ ಒಂದು ಸಲ ಹೇಳಿದರೆ ಗಂಟೇನು ಹೋಗುತ್ತಿತ್ತು ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವಾರ ಅವರಿಬ್ಬರೂ ಮೇಲಿನ ಮೆಟ್ಟಿಲಿಗೆ ಬಂದಿದ್ದರು. ಭಾನುವಾರ ಇನ್ನೊಂದು ಆಟ ಗೆದ್ದರೆ ವಜ್ರದ ಕೋಟೆ, ಆ ಆಟದ ಎಲ್ಲಕ್ಕಿಂತ ದೊಡ್ಡ ಪದವಿ. ಗುರುವಾರ ಮಧ್ಯಾಹ್ನ ಅಂಗಡಿಯಲ್ಲಿ ನಾವು ಡಬ್ಬಿ ಮುಗಿಸಿ ಕೂತಿದ್ದೆವು. ಅತ್ತಿಗೆ ಫೋನು ತೆಗೆದರು. ಗೊತ್ತಿರುವವರು ಯಾರಾದರೂ ಆಡುತ್ತಿದ್ದರೆ ಅವರ ಹೆಸರಿನ ಪಕ್ಕ ಒಂದು ಕಣ್ಣಿನ ಗುರುತು ಬರುತ್ತದೆ, ಒತ್ತಿದರೆ ಅವರ ಆಟವನ್ನು ನಾವೂ ನೋಡಬಹುದು. ಅಣ್ಣನ ಹೆಸರಿನ ಪಕ್ಕ ಆ ಕಣ್ಣು ಬಂದಿತ್ತು.

"ನಿಮ್ಮಣ್ಣ ಕೆಲಸ ಬಿಟ್ಟು ಆಡ್ತಾ ಕೂತಿದಾರೆ ನೋಡು" ಅಂತ ನಗುತ್ತಾ ಒತ್ತಿದರು. ನಾನೂ ಬಗ್ಗಿದೆ.

ಅಣ್ಣ ಅದೇ ಜೊತೆಯಾಟವನ್ನು ಬೇರೆ ಯಾರ ಜೊತೆಗೋ ಆಡುತ್ತಿದ್ದ. ಅವನ ಕಾರ್ಡುಗಳು ಕೆಳಗೆ ಸಾಲಾಗಿ ಕಾಣುತ್ತಿದ್ದವು. ಮರಳು ಬೀಳಲು ಶುರುವಾಯಿತೋ ಇಲ್ಲವೋ, ಅವನ ಆನೆ ಸರ್ರನೆ ಜಾರಿ ಆಚೆಯ ಜೊತೆಗಾರರ ಕೈಗೆ ಹೋಯಿತು. ಮುಂದಿನ ಸುತ್ತಿನಲ್ಲಿ ಬೆಂಕಿ. ಅದರ ಮುಂದಿನದರಲ್ಲಿ ಕುದುರೆ. ಅವನೇ ಹಿಂದೆ ಕೂತು ಗುರಾಣಿ ಹಿಡಿದು ಕೋಟೆ ಕಾದ. ಗೆದ್ದರು, ನಕ್ಷತ್ರ ಆಚೆಯವರಿಗೆ ಹೋಯಿತು. ಅಣ್ಣ ಭೇಷ್ ಒತ್ತಿದ, ಅದೂ ಮೇಲಿಂದ ಮೇಲೆ.

ಅತ್ತಿಗೆ ಫೋನನ್ನು ಮಗುಚಿಟ್ಟು ಸೂಜಿ ಕೈಗೆತ್ತಿಕೊಂಡರು. ಒಂದು ಪ್ಯಾಂಟಿಗೆ ಎಡಗಾಲಿನ ಮಡಿಕೆಯನ್ನು ಹೊರಗಡೆಗೆ ಹೊಲಿದುಬಿಟ್ಟರು. ಇಷ್ಟು ವರ್ಷದಲ್ಲಿ ಅವರ ಕೈಯಿಂದ ಅಂಥದ್ದು ಆದದ್ದನ್ನು ನಾನು ನೋಡಿರಲಿಲ್ಲ. ನಾನೇ ಬಿಚ್ಚಿ ಕೊಟ್ಟೆ.

ಊಟಕ್ಕೆ ಕೂತಾಗ ಕೇಳಿದರು. ಅವರು ಜೋರಾಗಿ ಕೇಳುವವರಲ್ಲ.

"ಮಧ್ಯಾಹ್ನ ಯಾರ ಜೊತೆ ಆಡ್ತಿದ್ರಿ?"

"ಯಾರೋ. ಆಟಾನೇ ಹುಡುಕಿ ಕೊಡುತ್ತಲ್ಲ, ಹೆಸರೂ ಗೊತ್ತಿಲ್ಲ. ಯಾಕೆ?"

ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು. ಇನ್ನೊಬ್ಬಳು ಇದ್ದಾಳೆ ಅಂದರೆ ಕಿರುಚಾಡಬಹುದು, ಊರಿಗೆ ಹೇಳಬಹುದು, ನಾನೇ ಅವನ ಕಾಲರ್ ಹಿಡಿಯಬಹುದಿತ್ತು.

"ಎಲ್ಲಾ ಸುತ್ತಲ್ಲೂ ನೀವೇ ಕೊಡ್ತಿದ್ರಿ" ಅಂದರು ಅತ್ತಿಗೆ.

"ಕೊಡ್ಲೇಬೇಕಲ್ಲ. ಗುರುತಿಲ್ಲದೋರು ಕೊಡ್ತಾರೋ ಇಲ್ವೋ ಏನ್ ಗ್ಯಾರಂಟಿ? ಕಾಯ್ತಾ ಕೂತ್ರೆ ಇಬ್ಬರದೂ ಸುಟ್ಟುಹೋಗುತ್ತೆ. ಅದಕ್ಕೇ ಮೊದಲು ನಾವೇ ಕೊಟ್ಟು ವಿಶ್ವಾಸ ಹುಟ್ಟಿಸ್ಬೇಕು. ಆಟದ ಲೆಕ್ಕ ಇದು."

"ಮತ್ತೆ ನನ್ನ ಜೊತೆ?"

ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. "ನೀನು ಹೇಗಿದ್ರೂ ಕೊಡ್ತೀಯಲ್ಲ. ಗೊತ್ತಿದ್ದೂ ನಾನ್ಯಾಕೆ ಕೊಡ್ಲಿ?"

ನಾನು ತುತ್ತನ್ನು ತಟ್ಟೆಗೆ ಇಳಿಸಿದೆ. "ಅಣ್ಣಾ, ಏನ್ ಮಾತಾಡ್ತಿದೀಯ ಗೊತ್ತಾ ನಿಂಗೆ?" ಅಂದೆ. "ನಿನಗೆ ಈ ಆಟ ಅರ್ಥ ಆಗಲ್ಲ, ಸುಮ್ನಿರು" ಅಂದ. ಅರ್ಥ ಆಗದೆ ಏನು, ಲೆಕ್ಕ ಸರಿಯಾಗಿಯೇ ಇತ್ತು. ಹೊಟ್ಟೆ ಉರಿದದ್ದು ಅದಕ್ಕೇ. ಅತ್ತಿಗೆ ಎದ್ದು ಅವನ ತಟ್ಟೆಗೆ ಇನ್ನಷ್ಟು ಬಡಿಸಿದರು. ಅದೂ ರೂಢಿ.

ಭಾನುವಾರ ಮಧ್ಯಾಹ್ನ ಒಣಗಿದ ಬಟ್ಟೆ ತೆಗೆಯುತ್ತಾ ಅತ್ತಿಗೆ ನನಗೆ ಹೇಳಿದರು: "ಇವತ್ತು ನಾನು ಮೊದಲು ಕೊಡಲ್ಲ ಕಣೆ. ಅವರು ಒಂದು ಸಲ, ಒಂದೇ ಒಂದು ಸಲ ಕೊಡ್ತಾರಾ ನೋಡ್ತೀನಿ. ಎಂಥ ಕಾರ್ಡಾದ್ರೂ ಸರಿ. ಆಮೇಲೆ ಆಟ ಪೂರ್ತಿ ನಾನೇ ಕೊಡ್ತೀನಿ."

"ಕೊಡದಿದ್ರೆ?"

"ಅವರಿಗೆ ಕೊಡೋಕೆ ಬರಲ್ಲ ಅಂತ ಇಷ್ಟು ದಿನ ಸಮಾಧಾನ ಇತ್ತು. ಬರುತ್ತೆ ಅಂತ ಗೊತ್ತಾಯ್ತಲ್ಲ. ಇನ್ನು ಹೇಗೆ ಸುಮ್ನಿರ್ಲಿ ಹೇಳು?" ಅಂದರು. ಬಟ್ಟೆಯ ಕ್ಲಿಪ್ಪುಗಳನ್ನೆಲ್ಲ ನನ್ನ ಕೈಗೆ ಸುರಿದು ಒಳಗೆ ಹೋದರು.

ಮಂಚದ ಮೇಲೆ ಬೆನ್ನಿಗೆ ಬೆನ್ನು ಕೂತರು. ನಾನು ಬಟ್ಟೆ ಮಡಚುವ ನೆಪದಲ್ಲಿ ಇಬ್ಬರ ಫೋನೂ ಕಾಣುವ ಹಾಗೆ ಗೋಡೆಗೊರಗಿ ಕೂತೆ. ಆಟ ಶುರುವಾಯಿತು. ಮರಳು ಬೀಳತೊಡಗಿತು. ಅತ್ತಿಗೆಯ ಹೆಬ್ಬೆರಳು ಅಭ್ಯಾಸಬಲದಿಂದ ಆನೆಯ ಮೇಲೆ ಹೋಯಿತು, ಅವರು ಅದನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡರು. ಅಣ್ಣ ಕಾದ. ಆರಾಮವಾಗಿ ಕಾದ, ಬಸ್ಸು ಬಂದೇ ಬರುತ್ತದೆ ಅಂತ ಗೊತ್ತಿರುವವನ ಹಾಗೆ. ಮರಳು ಮುಗಿಯಿತು. ಇಬ್ಬರ ಕೈಯಿಂದಲೂ ಒಂದೊಂದು ಕಾರ್ಡು ಸುಟ್ಟುಹೋಯಿತು.

ಎರಡನೆಯ ಸುತ್ತು. ಅವನು ಬೇಗ ಒತ್ತಿದ. ಅತ್ತಿಗೆಯ ಫೋನು ಟಣ್ ಅಂದಿತು. ಮತ್ತೆ ಬೇಗ, ಮತ್ತೆ ಬೇಗ. ಅತ್ತಿಗೆ ಹೂಂ ಒತ್ತಿದರು. ನೀವು ಕೊಡಿ ಅನ್ನುವುದಕ್ಕೆ ಆ ಆಟದಲ್ಲಿ ಚಿತ್ರವೇ ಇಲ್ಲ. ಮತ್ತೆ ಒಂದೊಂದು ಸುಟ್ಟಿತು. ಎದುರಿನ ಜೋಡಿ ಕುದುರೆ, ಆನೆ ಎಲ್ಲ ನುಗ್ಗಿಸಿ ಕೋಟೆಯ ಬಾಗಿಲು ಮುರಿಯಿತು. ಅತ್ತಿಗೆ ಇದ್ದ ಗುರಾಣಿಗಳನ್ನೆಲ್ಲ ಒಡ್ಡಿದರು. ಅಣ್ಣನ ಕುತ್ತಿಗೆಯ ನರ ಉಬ್ಬಿತ್ತು, ಆದರೂ ತಿರುಗಲಿಲ್ಲ, ಬಾಯಿ ಬಿಡಲಿಲ್ಲ. ನಿಯಮ ಅಂದರೆ ನಿಯಮ. ಮೂರನೆಯ ಸಲ ಮರಳು ಬೀಳುವಾಗ ಅತ್ತಿಗೆ ಕಣ್ಣು ಮುಚ್ಚಿಕೊಂಡಿದ್ದರು. ಕೊಡೋ ಮಾರಾಯ ಅಂತ ನಾನು ಒಳಗೊಳಗೇ ಅಂಗಲಾಚಿದೆ. ಅವನು ಕೊಡಲಿಲ್ಲ. ಕೋಟೆ ಬಿತ್ತು.

ಆಟ ಮುಗಿದ ಮೇಲೆ ಎಲ್ಲರ ಕೈಯ ಕಾರ್ಡುಗಳೂ ತೆರೆದುಕೊಳ್ಳುತ್ತವೆ. ಅಣ್ಣನ ಕೈಯಲ್ಲಿ ಎರಡು ಕುದುರೆ ಉಳಿದಿದ್ದವು. ಒಂದೇ ಕೈಯಲ್ಲಿ ಒಂದೇ ಥರದ ಎರಡು ಕಾರ್ಡು ಬಂದರೆ ಒಂದು ಮಾತ್ರ ಓಡುತ್ತದೆ. ಇನ್ನೊಂದು ತನಗೆ ಯಾವ ಕೆಲಸಕ್ಕೂ ಬಾರದು, ಜೊತೆಗಾರರಿಗೆ ಕೊಟ್ಟರೆ ಮಾತ್ರ ಉಪಯೋಗ. ಅವನು ಆ ಕುದುರೆಯನ್ನು ಮೊದಲ ಸುತ್ತಿನಿಂದಲೂ ಹಿಡಿದುಕೊಂಡೇ ಕೂತಿದ್ದ. ಅತ್ತಿಗೆ ಅದನ್ನು ತುಂಬಾ ಹೊತ್ತು ನೋಡಿದರು.

"ಏನಾಗಿತ್ತು ನಿನಗೆ? ಆನೆ ಇಟ್ಕೊಂಡು ಕೂತಿದ್ಯಲ್ಲ, ಯಾಕೆ ಕೊಡ್ಲಿಲ್ಲ?" ಅಂತ ಅಣ್ಣ ತಿರುಗಿ ಕೂತ. ಅವನಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

"ನೀವು ಕೊಡ್ತೀರೇನೋ ಅಂತ ಕಾಯ್ತಿದ್ದೆ" ಅಂದರು ಅತ್ತಿಗೆ.

"ನಾನಾ? ಎಂದಾದ್ರೂ ಕೊಟ್ಟಿದೀನಾ?" ಅಂದ. ವ್ಯಂಗ್ಯವಾಗಿ ಕೇಳಿದ್ದಲ್ಲ, ಅತ್ತಿಗೆ ಮರೆತಿದ್ದಾರೇನೋ ಅಂತ ನೆನಪಿಸುವವನ ಹಾಗೆ ಕೇಳಿದ. ಆಮೇಲೆ ಇನ್ನೊಂದು ಆಟಕ್ಕೆ ಸಮಯ ಇದೆಯೇನೋ ಅಂತ ನೋಡಿಕೊಂಡು, "ಇರ್ಲಿ ಬಿಡು, ನಿನಗಿವತ್ತು ಮನಸ್ಸಿಲ್ಲ. ಬೇರೆ ಯಾರಾದ್ರೂ ಸಿಗ್ತಾರೆ" ಅಂತ ಹೊಸ ಜೊತೆಗಾರರನ್ನು ಹುಡುಕುವ ಗುಂಡಿ ಒತ್ತಿದ.

ಸಿಕ್ಕರು. ಯಾವ ಊರಿನವರೋ, ಗಂಡೋ ಹೆಣ್ಣೋ, ಗುರುತಿಲ್ಲದ ಒಂದು ಹೆಸರು. ಮರಳು ಬೀಳತೊಡಗಿದ ಕೂಡಲೇ ಅಣ್ಣನ ಬೆರಳು ಕೈಯಲ್ಲಿದ್ದ ಒಳ್ಳೇ ಕಾರ್ಡನ್ನು ಆಚೆಗೆ ಜಾರಿಸಿತು. ಅತ್ತಿಗೆ ಅವನ ಭುಜದ ಹಿಂದಿನಿಂದ ನೋಡುತ್ತಿದ್ದರು. ನನ್ನ ಕಡೆ ತಿರುಗಿ, ದನಿಯಲ್ಲಿ ಕೊಂಕು ಇಲ್ಲದೆ, "ಎಷ್ಟು ಚೆನ್ನಾಗಿ ಕೊಡ್ತಾರೆ ನೋಡು" ಅಂದರು.