ಬಂದರಿನ ಬಾಗಿಲಲ್ಲಿ ಫ್ರೆಡ್ರಿಕಾ

ಲೂಡೆರಿಟ್ಸ್ ಬಂದರಿನ ತಪಾಸಣೆ ಬಾಗಿಲಲ್ಲಿ ನನ್ನ ಜೊತೆ ಕೆಲಸ ಮಾಡುವ ಫ್ರೆಡ್ರಿಕಾ ಯಾರನ್ನೂ ನಂಬುವವಳಲ್ಲ. ಕಡಲ ತಳದ ಮರಳು ಹೀರಿ ವಜ್ರ ಸೋಸುವ ಹಡಗಿನಿಂದ ಇಳಿದವರು ಅವಳ ಮುಂದೆ ನಾಲಿಗೆ ಎತ್ತಿ ತೋರಿಸಬೇಕು, ಬೂಟು ಕಳಚಿ ಕೊಡವಬೇಕು, ಕೆಮ್ಮಿದರೆ ಯಾಕೆ ಕೆಮ್ಮಿದೆವೆಂದು ಹೇಳಬೇಕು. ಮೀನು ಕೊಂಡರೆ ಅದರ ಹೊಟ್ಟೆಯನ್ನು ಅಂಗಡಿಯಲ್ಲೇ ಸೀಳಿಸುತ್ತಾಳೆ. ಚರ್ಚಿನಲ್ಲಿ ಪಾದ್ರಿ ಕಣ್ಣು ಮುಚ್ಚಿ ಎಂದರೆ ಒಂದು ಕಣ್ಣನ್ನಷ್ಟೇ ಮುಚ್ಚುತ್ತಾಳೆ. ಹೆಲಿಕಾಪ್ಟರಿನಲ್ಲಿ ಹಡಗು ನೋಡಲು ಹೋಗಿ, ಅಲ್ಲೇ ಶಾಂಪೇನ್ ಕುಡಿದು ಬರುವ ಸಿರಿವಂತ ಪ್ರವಾಸಿಗರನ್ನೂ ಬಿಡುವುದಿಲ್ಲ. "ಅವ್ರು ಅತಿಥಿಗಳು ಕಣಕ್ಕಾ, ಸ್ವಲ್ಪ ನೋಡ್ಕೊಂಡು ಮಾಡು," ಎಂದು ಮೇಲ್ವಿಚಾರಕ ಪೆಟ್ರಸ್ ಗೋಗರೆದರೆ, "ಅತಿಥಿಗಳ ಬಾಯಲ್ಲಿ ಬರೀ ಹಲ್ಲೇ ಇರುತ್ತಾ? ಮೇಡಂ, ತುರುಬು ಬಿಚ್ಚಿ," ಎನ್ನುತ್ತಾಳೆ. "ನಿನ್ನ ಒಡಹುಟ್ಟಿದವ್ನು ಬಂದ್ರೂ ಹೀಗೇನಾ?" ಎಂದು ಹೊಸಬರು ಯಾರಾದರೂ ಕೇಳಿದರೆ ನಾವು ಅವರ ಕಾಲು ತುಳಿಯುತ್ತೇವೆ. ಹೋದ ಚಳಿಗಾಲದಲ್ಲಿ ಅವಳ ತಮ್ಮ ಇಮ್ಯಾನುಯೆಲ್ ಅದೇ ಹಡಗಿನಿಂದ ಇಳಿದಾಗ, ಅವನ ಮೊಣಕಾಲಿನ ಬ್ಯಾಂಡೇಜಿನೊಳಗೆ ಅವಳ ಬೆರಳಿಗೆ ವಜ್ರದ ಕಲ್ಲು ತಗುಲಿತು. "ಅಕ್ಕಾ, ಬಿಟ್ಬಿಡೇ," ಎಂದ. ಅವಳು ಎಚ್ಚರಿಕೆಯ ಗಂಟೆ ಒತ್ತಿದಳು. ಈಗ ಭಾನುವಾರಗಳಲ್ಲಿ ನಾನೇ ಅವಳನ್ನು ಕಾರಿನಲ್ಲಿ ಜೈಲಿಗೆ ಕರೆದೊಯ್ಯುತ್ತೇನೆ. ತಮ್ಮ ಹೊರಗೆ ಬಂದು ಮುಖ ತೋರಿಸುವುದಿಲ್ಲ. "ಊಟ ಸರಿಯಾಗಿ ಮಾಡ್ತಾನಾ?" ಎಂದು ಅವಳು ಕಾವಲುಗಾರನನ್ನು ಕೇಳುತ್ತಾಳೆ. "ಮಾಡ್ತಾನಮ್ಮಾ. ನಿಮ್ಮನ್ನೂ ವಿಚಾರಿಸ್ದ," ಎನ್ನುತ್ತಾನೆ ಆತ, ನೆಲ ನೋಡುತ್ತಾ. "ಹೌದಾ," ಎಂದಷ್ಟೇ ಹೇಳಿ, ಎರಡನೆಯ ಪ್ರಶ್ನೆ ಕೇಳದೆ, ನಮ್ಮ ಫ್ರೆಡ್ರಿಕಾ ಎದ್ದು ಬರುತ್ತಾಳೆ.