ನಳಿನಕ್ಕನ ಕೈಯ ಹನಿ
ಶಂಕರಪುರದಲ್ಲಿ ಕೆಂಗಣ್ಣು ಹಬ್ಬಿದರೆ ಸಾಕು, ಡಾಕ್ಟರು ಕೊಟ್ಟ ಆಂಟಿಬಯೋಟಿಕ್ ಹನಿಯ ಬಾಟ್ಲಿ ಹಿಡಿದು ಊರಿಗೆ ಊರೇ, ಮಲ್ಲಿಗೆ ಕಟ್ಟುವ ನಳಿನಕ್ಕನ ಜಗಲಿಗೆ ಬಂದು ಅಂಗಾತ ಮಲಗುತ್ತದೆ. ಆ ಬೆರಳುಗಳಿಂದ ಹನಿ ಬಿದ್ದದ್ದು ಕಣ್ಣಿಗೇ ಗೊತ್ತಾಗುವುದಿಲ್ಲ. ಅಳುತ್ತಾ ಬಂದ ಮಗು ಇನ್ನೊಂದು ಹನಿ ಕೇಳುತ್ತದೆ. ಕೋಳಿಯ ಹಾಗೆ ತಲೆ ಓರೆ ಮಾಡಿ ಬಗ್ಗುವ ಅವರನ್ನು ನಾವೆಲ್ಲ ಅಣಕಿಸುವುದುಂಟು. ಇನ್ನೊಬ್ಬರು ಕಣ್ಣಿಗೆ ಬಿಟ್ಟು ಉಳಿಸಿದ ಬಾಟ್ಲಿ ತಂದವರಿಗೆ ಮಾತ್ರ ಬೈಗುಳ: "ಎಂತ ಮಾರಾಯ, ಕಣ್ಣು ನಿನ್ನದು, ಮದ್ದು ನೆರೆಮನೆಯದ್ದಾ?" ಬಾಟ್ಲಿ ಕಸಿದು ಅಂಗಳಕ್ಕೆ ಸುರಿದೇ ಬಿಡುತ್ತಾರೆ. ಹಿಂದೊಮ್ಮೆ ಮಲ್ಲಿಗೆ ಗಿಡದ ಗೆಲ್ಲು ತಾಗಿ ಕೀವಾದ ಎಡಗಣ್ಣಿಗೆ ಅವರೂ ಯಾರದೋ ಉಳಿದ ಸ್ಟೀರಾಯ್ಡ್ ಹನಿ ಬಿಟ್ಟುಕೊಂಡಿದ್ದರು. ಮೊದಲು ಕೆಂಪು ಹೋಯಿತು, ಆಮೇಲೆ ಬೆಳಕೂ ಹೋಯಿತು. ಆ ತಲೆ ಓರೆಯಾಗುವುದು, ಉಳಿದ ಒಂದು ಕಣ್ಣಿನಿಂದ ನಮ್ಮ ಎರಡನ್ನೂ ಕಾಯಲಿಕ್ಕೆ.