ಎರಡು ತಾಸಿನ ಚಿಕ್ಕಿ

ಶಿರಸಿಯ ಹಳೇ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಹಪ್ಪಳ, ಉಪ್ಪಿನಕಾಯಿ, ತೊಡೆದೇವು ಎಂಬ ಕಬ್ಬಿನಹಾಲಿನ ಸಿಹಿ ಮಾರುವ ಒಂದು ಅಂಗಡಿ. ಅಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿರುತ್ತಿದ್ದ ಪರಿಮಳಕ್ಕನನ್ನು ನೋಡಿದ ಹೊರಗಿನವರು ಅಂಗಡಿಯ ಒಡತಿ ಇವಳೇ ಎಂದುಕೊಳ್ಳುತ್ತಿದ್ದರು. ಪರಿಮಳಕ್ಕನೂ ಅಲ್ಲವೆನ್ನುವ ಗೋಜಿಗೆ ಹೋಗುತ್ತಿರಲಿಲ್ಲ. 'ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ವರ್ಷವಿಟ್ಟರೂ ಕೆಡುವುದಿಲ್ಲ' ಎನ್ನುವಾಗ ಆ 'ನಮ್ಮ' ಎಂಬ ಮಾತಿನ ಮೇಲೆ ಸ್ವಲ್ಪ ಹೆಚ್ಚೇ ಭಾರ ಹಾಕುತ್ತಿದ್ದಳು.

ಅಂಗಡಿ ಅವಳದಲ್ಲ, ದಿನಕರನದು. ದಿನಕರ ಅವಳ ಗಂಡನ ದೊಡ್ಡಪ್ಪನ ಮೊಮ್ಮಗ. ಸಂಬಂಧ ದೂರದ್ದೇ, ಆದರೆ ಕರೆಯಲು ಒಂದು ಹೆಸರಿತ್ತು: ಚಿಕ್ಕಿ, ಅಂದರೆ ಚಿಕ್ಕಮ್ಮ. ಮಕ್ಕಳಿಲ್ಲದ ಪರಿಮಳಕ್ಕ ಗಂಡ ತೀರಿಕೊಂಡ ಮೇಲೆ ವಾನಳ್ಳಿ ಕಡೆಯ ಊರು ಬಿಟ್ಟು ಶಿರಸಿಗೆ ಬಂದು, ಯಾರದೋ ಮನೆಯ ಹಿತ್ತಲಿನ ಒಂದು ಕೋಣೆಯಲ್ಲಿದ್ದಳು. ಒಂದು ದಿನ ದಿನಕರ ಅಲ್ಲಿಗೇ ಬಂದ.

"ಚಿಕ್ಕಿ, ಮಧ್ಯಾಹ್ನ ಊಟ ಆದ ಮೇಲೆ ಎರಡು ತಾಸು ಅಂಗಡೀಲಿ ಬಂದು ಕೂತ್ಕ. ಪಾರ್ಟ್ ಟೈಮ್ ಹೇಳಿ ತಿಳ್ಕ. ನಿಂಗೂ ಹೊತ್ತು ಹೋಗ್ತು, ಎಂಗೂ ಧೈರ್ಯ. ನಮ್ಮನೆಯವ್ವೇ ಇದ್ದಾಂಗೆ ಆತು."

ಆ ಎರಡು ತಾಸು ಎಂಥ ತಾಸುಗಳೋ, ಬೆಳೆಯುತ್ತಲೇ ಹೋದವು. ಬೀಗದ ಕೈ ಮನೆಯವರ ಹತ್ತಿರವೇ ಇರಬೇಕು ಎಂದು ಅವಳ ಸೆರಗಿಗೆ ಬಂತು. ಬೀಗದ ಕೈ ಬಂದ ಮೇಲೆ ಬೆಳಿಗ್ಗೆ ಬಾಗಿಲು ತೆಗೆಯುವುದೂ ಬಂತು. ತೆಗೆದವಳು ಗುಡಿಸದೆ ಇರುತ್ತಾಳೆಯೇ? ಗುಡಿಸಿದ ಮೇಲೆ ಹಪ್ಪಳ ಒಣಗಿಸುವುದು, ಪೊಟ್ಟಣ ಕಟ್ಟುವುದು, ಕೊರಿಯರಿನವನು ಬರುವವರೆಗೆ ಕಾಯುವುದು. ದಿನಕರನ ಹೆಂಡತಿ ಕಾವ್ಯಶ್ರೀಗೆ ಮೈಯಲ್ಲಿ ಹುಷಾರಿಲ್ಲದಿದ್ದರೆ ಅವರ ಮನೆಯ ಅಡುಗೆಯೂ ಎರಡು ತಾಸಿನೊಳಗೇ ಸೇರುತ್ತಿತ್ತು. ಸಂಬಳ ಎಂಬ ಶಬ್ದ ಮಾತ್ರ ಯಾರ ಬಾಯಿಂದಲೂ ಹೊರಡಲಿಲ್ಲ. 'ಕೈಖರ್ಚಿಗೆ ಇರ್ಲಿ' ಎಂದು ದಿನಕರ ಆಗೀಗ ಏನೋ ಕೊಡುತ್ತಿದ್ದ, ಮರೆತರೆ ಕೇಳಲು ಇವಳಿಗೇ ನಾಚಿಕೆ. ಇದಕ್ಕೆ ಹಗಲುದರೋಡೆ ಎನ್ನದೆ ಬೇರೆ ಒಳ್ಳೆಯ ಹೆಸರಿದ್ದರೆ ತಿಳಿದವರು ಹೇಳಲಿ.

ಪರಿಮಳಕ್ಕ ಪೆದ್ದಿಯಾಗಿರಲಿಲ್ಲ. ತನ್ನನ್ನು ದುಡಿಸಿಕೊಳ್ಳುತ್ತಿದ್ದಾರೆ ಎಂಬುದು ಅವಳ ಸೊಂಟಕ್ಕೆ, ಮೊಣಕಾಲಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಹಿತ್ತಲಿನ ಕೋಣೆಯಲ್ಲಿ ಅವಳನ್ನು ಯಾವ ಹೆಸರಿನಿಂದಲೂ ಕರೆಯುವವರಿರಲಿಲ್ಲ. ಬಾಡಿಗೆ ಮನೆಯ ಯಜಮಾನರಿಗೆ ಅವಳು 'ಹಿಂದಿನ ಕೋಣೆಯವರು'. ಜ್ವರ ಬಂದು ಮಲಗಿದರೆ ಒಂದು ಲೋಟ ಬಿಸಿನೀರಿಗೂ ತಾನೇ ಏಳಬೇಕು. ಅಂಗಡಿಗೆ ಬಂದರೆ ದಿನಕ್ಕೆ ಹತ್ತಾರು ಸಲ 'ಚಿಕ್ಕಿ' ಎಂದು ಕೇಳಿಸುತ್ತಿತ್ತು. ಆ ಕರೆಗಾಗಿ ಅವಳು ಇನ್ನೂ ನಾಲ್ಕು ಬುಟ್ಟಿ ಹಪ್ಪಳ ಒಣಗಿಸಲು ತಯಾರಿದ್ದಳು.

ಪಕ್ಕದ್ದು ಟೇಲರ್ ಅಂಗಡಿ. ಅಲ್ಲಿ ಸೀರೆಗೆ ಫಾಲ್ ಹಚ್ಚುವ, ಪಿಕೋ ಹಾಕುವ ಹುಡುಗಿ ಅಸ್ಫಿಯಾ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಅವಳು ಮೊಬೈಲನ್ನು ಹೊಲಿಗೆ ಮಿಶಿನ್ನಿಗೆ ಒರಗಿಸಿಟ್ಟು ಜಪಾನಿನ ಕಾರ್ಟೂನು ನೋಡುತ್ತಿದ್ದಳು. ಮೊದಮೊದಲು ಪರಿಮಳಕ್ಕ ಮೂಗು ಮುರಿದಳು. ಇಷ್ಟು ದೊಡ್ಡವಳಾಗಿ ಮಕ್ಕಳ ಬೊಂಬೆಯಾಟ ನೋಡುತ್ತಾಳಲ್ಲ! ಆಮೇಲೆ ಬಾಗಿಲಲ್ಲಿ ನಿಂತು ಇಣುಕಿದಳು. ಆಮೇಲೆ ಸ್ಟೂಲು ತಂದು ಹಾಕಿಕೊಂಡಳು. ಜಪಾನಿ ಭಾಷೆ ಇಬ್ಬರಿಗೂ ಬಾರದು. ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಓದಿ ಅಸ್ಫಿಯಾ ಕನ್ನಡದಲ್ಲಿ ಹೇಳಬೇಕು, ಪರಿಮಳಕ್ಕ ಕೇಳಬೇಕು.

ಒಂದು ದಿನ ಬಂದ ಕಂತಿನಲ್ಲಿ ಒಬ್ಬ ಬಡಕಲು ಹುಡುಗ ಕಡುಬಿನಂಥದೇನನ್ನೋ ಮಾರುವ ಅಂಗಡಿಗೆ ಕೆಲಸಕ್ಕೆ ಸೇರುತ್ತಾನೆ.

"ನೋಡಿ ಅಕ್ಕಾ, ಇಂವ ಬರೀ ಎರಡು ತಾಸಿನ ಕೆಲಸಕ್ಕೆ ಬಂದಿದ್ದು" ಎಂದಳು ಅಸ್ಫಿಯಾ.

ಅಂಗಡಿಯ ಯಜಮಾನನಿಗೆ ಪೊರಕೆಯಂಥ ಮೀಸೆ. ಅವನು ಹುಡುಗನ ಹೆಗಲ ಮೇಲೆ ಕೈಯಿಟ್ಟು, 'ನೀನು ನನಗೆ ಮಗನಿದ್ದ ಹಾಗೆ' ಎನ್ನುತ್ತಾನೆ. ಹಾಗಂದಾಗಲೆಲ್ಲ ಹೊಸದೊಂದು ಕೆಲಸ. ಮಗನಿದ್ದ ಹಾಗೆ, ಪಾತ್ರೆ ತೊಳೆ. ಮಗನಿದ್ದ ಹಾಗೆ, ನಮ್ಮತ್ತೆಯನ್ನು ಬೆನ್ನ ಮೇಲೆ ಹೊತ್ತು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಕೊನೆಗೆ ಏಡಿಯ ವೇಷ ತೊಡಿಸಿ ನಡುಬೀದಿಯಲ್ಲಿ ಕುಣಿಯಲು ನಿಲ್ಲಿಸುತ್ತಾನೆ. ಹುಡುಗನಿಗೆ ಸಿಟ್ಟು ಬಂದು ವೇಷ ಕಿತ್ತೆಸೆಯಬೇಕು ಎನ್ನುವಷ್ಟರಲ್ಲಿ ಯಜಮಾನ ಗೋಳೋ ಎಂದು ಅತ್ತು 'ಮಗನೇ' ಎನ್ನುತ್ತಾನೆ. ಹುಡುಗನೂ ಗೋಳೋ ಎಂದು ಅತ್ತು ಮತ್ತೆ ಏಡಿಯ ಕೊಂಡಿ ಆಡಿಸುತ್ತಾನೆ.

ಪರಿಮಳಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಥೂ, ಎಂಥಾ ಮಂಗನೆ ಇಂವ! ಅಷ್ಟೂ ತಿಳಿಯೂದಿಲ್ವಾ?" ಎಂದಳು.

ಅಸ್ಫಿಯಾ ನಗುತ್ತಲೇ ಅಂದಳು: "ಅಕ್ಕಾ, ಬೇಜಾರು ಮಾಡ್ಕಬೇಡಿ, ಇದು ನಿಮ್ದೇ ಕಥೆ ಅಲ್ವಾ?"

ಪರಿಮಳಕ್ಕನ ನಗು ಅಲ್ಲಿಗೇ ನಿಂತಿತು. "ಅಂವ ಕೆಲಸಕ್ಕೆ ಸೇರಿದವ. ನಂದು ನಮ್ಮನೆ ಅಂಗಡಿ. ದಿನಕರ ಬೇರೆಯವನಾ?" ಎಂದವಳೇ ಸ್ಟೂಲು ಎತ್ತಿಕೊಂಡು ಬಂದುಬಿಟ್ಟಳು. ಎರಡು ದಿನ ಮಾತಿಲ್ಲ. ಮೂರನೆಯ ದಿನ ಅಸ್ಫಿಯಾ ತಾನಾಗಿಯೇ ಬಂದು, "ತಪ್ಪಾಯ್ತು ಅಕ್ಕಾ, ಬನ್ನಿ, ನೀವಿಲ್ದೆ ನಗು ಬರೂದಿಲ್ಲ" ಎಂದಾಗ ಎಲ್ಲ ಸರಿಹೋಯಿತು. ಆದರೆ ಆ ಮಾತು ಒಳಗೆಲ್ಲೋ ಮುಳ್ಳಿನಂತೆ ಮುರಿದು ಕೂತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅಸ್ಫಿಯಾಳ ಮದುವೆಯಾಗಿ ಅವಳು ಯಲ್ಲಾಪುರಕ್ಕೆ ಹೋದಳು. ಹೋಗುವ ಮುಂಚೆ ಪರಿಮಳಕ್ಕನ ಮೊಬೈಲಿನಲ್ಲಿ ಕಾರ್ಟೂನು ಹೇಗೆ ಹಾಕಿಕೊಳ್ಳುವುದೆಂದು ತೋರಿಸಿಕೊಟ್ಟಿದ್ದಳು. ಪರಿಮಳಕ್ಕ ಅದನ್ನು ಗಲ್ಲಾಪೆಟ್ಟಿಗೆಯ ಹಿಂದೆ ಒಬ್ಬಳೇ ಕೂತು ನೋಡುತ್ತಿದ್ದಳು. ಇಂಗ್ಲಿಷ್ ಅಕ್ಷರ ಓದಿ ಮುಗಿಸುವಷ್ಟರಲ್ಲಿ ಅವು ಓಡಿಹೋಗುತ್ತಿದ್ದವು. ಹೊಸ ಕಂತುಗಳ ತಲೆಬುಡ ತಿಳಿಯುತ್ತಿರಲಿಲ್ಲ. ಹಾಗಾಗಿ ಆ ಏಡಿಯ ಹುಡುಗನದನ್ನೇ ಮತ್ತೆ ಮತ್ತೆ ಹಾಕಿಕೊಳ್ಳುತ್ತಿದ್ದಳು, ಅದಾದರೆ ಅಸ್ಫಿಯಾ ಹೇಳಿದ್ದು ನೆನಪಿತ್ತು. ನಗಬೇಕಾದ ಜಾಗ ಬಂದಾಗ ಪಕ್ಕಕ್ಕೆ ತಿರುಗುತ್ತಿದ್ದಳು. ಪಕ್ಕದಲ್ಲಿ ಉಪ್ಪಿನಕಾಯಿಯ ಭರಣಿಗಳಿರುತ್ತಿದ್ದವು. ಒಬ್ಬರೇ ನಗುವುದು ಇಷ್ಟು ಕಷ್ಟದ ಕೆಲಸವೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ಚಳಿಗಾಲದಲ್ಲಿ ದಿನಕರ ಹುಲೇಕಲ್ ರಸ್ತೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ಮುಗಿಸಿದ. ಗೃಹಪ್ರವೇಶದ ದಿನ ಗೊತ್ತಾಯಿತು. ಗಂಡ ಹೆಂಡತಿ ಕಾರಿನಲ್ಲಿ ಕರೆಯಲು ಹೊರಟರು. ಸಿದ್ದಾಪುರ, ಮಂಚಿಕೇರಿ, ಭೈರುಂಬೆ, ಬಿಟ್ಟ ಊರಿಲ್ಲ. ಈ ಕಡೆ ಶುಭಕಾರ್ಯವೆಂದರೆ ಮನೆಗೆ ಬಂದು, ಅಕ್ಷತೆ ಕೊಟ್ಟು, ಬಾಯಿಬಿಟ್ಟು ಕರೆಯಬೇಕು. ಫೋನು ಮಾಡಿದ್ದು ಕರೆದಂತಲ್ಲ, ಹಿರಿಯರು ಇವತ್ತಿಗೂ ಮುಖ ದಪ್ಪ ಮಾಡಿಕೊಳ್ಳುತ್ತಾರೆ. ಮನೆಯವರನ್ನು ಮಾತ್ರ ಯಾರೂ ಕರೆಯುವುದಿಲ್ಲ, ಕರೆಯಲು ಹೊರಡುವವರೇ ಅವರು.

ಪರಿಮಳಕ್ಕನ ಕೋಣೆಗೆ ಯಾರೂ ಬರಲಿಲ್ಲ. ಒಂದು ವಾರ ಅವಳು ಸಂಜೆ ಹೋದವಳೇ ಕೋಣೆ ಗುಡಿಸಿ, ಬಾಗಿಲು ಅರ್ಧ ತೆರೆದಿಟ್ಟು ಕಾದಳು. ಕಡೆಗೆ ತಡೆಯಲಾರದೆ ಅಂಗಡಿಯಲ್ಲಿ ಮಾತು ತೆಗೆದಳು: "ಕರೆಯೋದೆಲ್ಲ ಮುಗತ್ತಾ ತಮಾ?"

"ಮುಗತ್ತು ಚಿಕ್ಕಿ. ನೀ ಹಿಂದಿನ ದಿನವೇ ಬಂದುಬಿಡು. ಮನೆಯವ್ಕೆಲ್ಲ ಎಂತ ಕರೆಯೋದು?"

ಆ ಒಂದು ಮಾತಿಗೆ ಪರಿಮಳಕ್ಕ ಅರಳಿಹೋದಳು. ವಾರವಿಡೀ ಕಾದು ಕೂತದ್ದೇ ತನ್ನ ದಡ್ಡತನ. ಕರೆ ಬಾರದವರು ಎರಡೇ ಬಗೆ: ಮನೆಯವರು, ಇಲ್ಲವೇ ಯಾರೂ ಅಲ್ಲದವರು. ತಾನು ಯಾವ ಬಗೆ ಎಂಬುದನ್ನು ದಿನಕರ ಬಾಯಿಬಿಟ್ಟು ಹೇಳಿದ್ದ. ಇದನ್ನು ಒಬ್ಬಳಿಗಾದರೂ ತೋರಿಸಬೇಕಿತ್ತು.

ಅಸ್ಫಿಯಾ ತವರಿಗೆ ಬಂದಿದ್ದಾಳೆಂದು ಗೊತ್ತಾದದ್ದೇ ಪರಿಮಳಕ್ಕ ಒಳ್ಳೆಯ ಸೀರೆ ಉಟ್ಟು ಅವರ ಮನೆಗೆ ಹೋದಳು. ಅಸ್ಫಿಯಾಳ ತಾಯಿ ಅಮೀರುನ್ನಿಸಾ ಕುರ್ಚಿ ಕೊಟ್ಟರೂ ಕೂರಲಿಲ್ಲ. ಕರೆಯುವವರು ನಿಂತೇ ಕರೆಯಬೇಕು.

"ಬುಧವಾರ ನಮ್ಮನೆ ಗೃಹಪ್ರವೇಶ. ಅಸ್ಫಿಯಾ, ನೀನು ಬರಲೇಬೇಕು" ಎಂದಳು.

ಅಸ್ಫಿಯಾ ಒಂದು ಗಳಿಗೆ ಅವಳ ಮುಖ ನೋಡಿದಳು. "ನಿಮ್ಮನೆದಾ ಅಕ್ಕಾ?"

"ಹೌದು. ನಮ್ಮನೆದು."

ಹೀಗೆ ಪರಿಮಳಕ್ಕ ಮನೆಯವರಷ್ಟೇ ಮಾಡಬಹುದಾದ ಕೆಲಸವನ್ನು ಯಾರನ್ನೂ ಕೇಳದೆ ಮಾಡಿ ಬಂದಳು. ದಾರಿಯುದ್ದಕ್ಕೂ ಅವಳ ನಡಿಗೆಯಲ್ಲಿ ಒಂದು ಗತ್ತಿತ್ತು.

ಹಿಂದಿನ ದಿನವೇ ಹೋದಳು. ತರಕಾರಿ ಹೆಚ್ಚಿದಳು, ಕಾಯಿ ತುರಿದಳು, ಬಾಳೆಲೆ ಒರೆಸಿದಳು. ಅದರಲ್ಲಿ ವಿಶೇಷವೇನಿಲ್ಲ, ಕಾರ್ಯದ ಮನೆಯಲ್ಲಿ ಮನೆಯವರು ದುಡಿಯುತ್ತಾರೆ, ಆಳುಗಳೂ ದುಡಿಯುತ್ತಾರೆ. ಹೆಚ್ಚಿಟ್ಟ ಸೌತೆಕಾಯಿ ನೋಡಿ ಯಾರು ಹೆಚ್ಚಿದ್ದೆಂದು ಹೇಳಲಾಗದು. ಅವಳಂತೂ ಮನೆಯವಳಾಗಿ ಹೆಚ್ಚಿದಳು.

ಮರುದಿನ ಹೋಮ ಮುಗಿದು ಜನ ಸೇರತೊಡಗಿದರು. ಕಾವ್ಯಶ್ರೀ ಬಾಗಿಲಲ್ಲಿ ನಿಂತು ಬಂದವರನ್ನು ಮಾತಾಡಿಸುತ್ತಿದ್ದಳು. ಪರಿಮಳಕ್ಕ ಬಾಗಿಲ ಹಿಂದಿನ ಮೇಜಿನ ಹತ್ತಿರ ಪಾನಕದ ಲೋಟ ತುಂಬಿಸುತ್ತ, ಗೇಟಿನ ಮೇಲೆ ಒಂದು ಕಣ್ಣಿಟ್ಟಿದ್ದಳು. ಅಸ್ಫಿಯಾ ಬಣ್ಣದ ಕಾಗದ ಸುತ್ತಿದ ಒಂದು ಉಡುಗೊರೆ ಹಿಡಿದು ಬಂದಳು. ಒಬ್ಬಳೇ ಬಂದಿದ್ದಳು.

"ಬನ್ನಿ, ಬನ್ನಿ" ಎಂದಳು ಕಾವ್ಯಶ್ರೀ. "ಯಾರು ಅಂತ ಗೊತ್ತಾಗ್ಲಿಲ್ಲ?"

"ಪರಿಮಳಕ್ಕ ಕರೆದಿದ್ರು. ನಿಮ್ಮ ಚಿಕ್ಕಿ."

ಕಾವ್ಯಶ್ರೀ ಅರೆಕ್ಷಣ ತಡವರಿಸಿದಳು. ಆಮೇಲೆ ಹೊಳೆಯಿತು. "ಓ, ನಮ್ಮ ಅಂಗಡಿ ಕೆಲಸಕ್ಕೆ ಬರ್ತಾರಲ್ಲ, ಅವರ ಕಡೆಯವರಾ? ಒಳ್ಳೇದಾಯ್ತು. ಬನ್ನಿ, ಊಟ ಮಾಡ್ಕಂಡೇ ಹೋಗ್ಬೇಕು."

ಅದರಲ್ಲಿ ಕೊಂಕಿರಲಿಲ್ಲ. ಕಾವ್ಯಶ್ರೀ ಕೆಟ್ಟವಳಲ್ಲ, ಇದ್ದದ್ದನ್ನು ಹೇಳಿದ್ದಳು ಅಷ್ಟೆ. ಅಸ್ಫಿಯಾ ಒಳಗೆ ಹೋದ ಮೇಲೆ ಪಕ್ಕಕ್ಕೆ ಬಂದ ಗಂಡನಿಗೆ ಮೆಲ್ಲಗೆ, "ಕೆಲಸಕ್ಕೆ ಬಪ್ಪವೂ ಜನ ಕರೆಯಲೆ ಹಿಡದ್ರೆ ಎಂತ ಮಾಡೋದು?" ಎಂದಳು.

ಪರಿಮಳಕ್ಕ ಲೋಟ ತುಂಬಿಸುವುದನ್ನು ನಿಲ್ಲಿಸಿದಳು. ಕಾವ್ಯಶ್ರೀ ಹೊರಗಿನಿಂದ ಬಂದ ಸೊಸೆ, ಅವಳಿಗೆ ಸಂಬಂಧ ಸರಿಯಾಗಿ ತಿಳಿಯದೆ ಇರಬಹುದು. ದಿನಕರ ಈಗ ಹೇಳುತ್ತಾನೆ. 'ಕೆಲಸಕ್ಕೆ ಬಪ್ಪವಲ್ಲ, ನಮ್ಮ ಚಿಕ್ಕಿ' ಎನ್ನುತ್ತಾನೆ. ಅವಳು ಕಿವಿಗೊಟ್ಟು ಕಾದಳು.

"ಹೋಗ್ಲಿ ಬಿಡೆ, ಪಾಪ" ಎಂದ ದಿನಕರ. "ಅದ್ಕೆ ಬೇರೆ ಯಾರಿದ್ದ?"

ಅವನ ದನಿಯಲ್ಲಿ ನಿಜವಾದ ಕನಿಕರವಿತ್ತು. ಬೈದಿದ್ದರೆ ಪರಿಮಳಕ್ಕ ತಡೆದುಕೊಳ್ಳುತ್ತಿದ್ದಳು. ಕನಿಕರಕ್ಕೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಗಂಡ ಸತ್ತ ದಿನವೂ ಅವಳಿಗೆ ಇಷ್ಟು ಒಂಟಿ ಎನಿಸಿರಲಿಲ್ಲ, ಆವತ್ತು ಅಳಲು ನಾಲ್ಕು ಜನ ಜೊತೆಗಿದ್ದರು. ಪಾನಕ ಕೇಳಿ ಯಾರೋ ಕೈ ಚಾಚಿದರು. ಅವಳು ಕೊಟ್ಟಳು.

ಊಟಕ್ಕೆ ಎಲೆ ಹಾಕಿದರು. ಹೊಸ ಮನೆಯ ಹಜಾರದಲ್ಲಿ ಎರಡು ಸಾಲು. ಮನೆಯವರು ಬಡಿಸಬೇಕು, ಕೊನೆಯ ಪಂಕ್ತಿಯಲ್ಲಿ ಉಣ್ಣಬೇಕು. ಪರಿಮಳಕ್ಕನ ಕೈಗೆ ಯಾರೋ ಕೋಸಂಬರಿಯ ಪಾತ್ರೆ ಕೊಟ್ಟರು. ಬಡಿಸುತ್ತ ಬಂದವಳಿಗೆ ಸಾಲಿನ ತುದಿಯಲ್ಲಿ ಅಸ್ಫಿಯಾ ಕಂಡಳು. ಅವಳ ಪಕ್ಕದ ಎಲೆ ಖಾಲಿಯಿತ್ತು. ಗುರುತಿಲ್ಲದವರ ನಡುವೆ ಹುಡುಗಿ ಮುದುಡಿ ಕೂತಿದ್ದಳು. ಬಾಗಿಲಲ್ಲಿ ನಡೆದದ್ದು ಅವಳಿಗೆ ಅರ್ಥವಾಗಿತ್ತು. ಆದರೂ 'ನಾನು ಆವತ್ತೇ ಹೇಳಿರ್ಲಿಲ್ವಾ' ಎಂಬ ಮಾತು ಅವಳ ಕಣ್ಣಲ್ಲೂ ಇರಲಿಲ್ಲ. ಪಕ್ಕದಲ್ಲಿಟ್ಟಿದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಜಾಗ ಮಾಡಿದಳು.

ಪರಿಮಳಕ್ಕ ಪಾತ್ರೆಯನ್ನು ಗೋಡೆಗೆ ತಾಗಿಸಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಆ ಎಲೆಯ ಮುಂದೆ ಕೂತಳು.

ಬಡಿಸುತ್ತಿದ್ದವರು ಒಂದಿಬ್ಬರು ತಿರುಗಿ ನೋಡಿದರು. ಯಾರೋ ಅವಳ ಎಲೆಗೂ ಅನ್ನ ಹಾಕಿದರು, ಸಾರು ಬಿಟ್ಟರು. ಅಷ್ಟರಲ್ಲಿ ದಿನಕರ ಹೆಗಲ ಮೇಲೆ ಶಲ್ಯ ಹಾಕಿಕೊಂಡು ಉಪಚಾರ ಹೇಳಲು ಬಂದ. ಪಂಕ್ತಿಯ ಊಟದಲ್ಲಿ ಯಜಮಾನ ಒಂದೊಂದೇ ಎಲೆಯ ಮುಂದೆ ಬಗ್ಗಿ, ಕೈ ಮುಗಿದು, ಸಾವಕಾಶ ಊಟ ಮಾಡಿ ಎನ್ನಬೇಕು. ಬಂದ ನೆಂಟರಿಗೆ ಹೇಳುವ ಮಾತು ಅದು. ಮನೆಯೊಳಗಿನವರಿಗೆ ಯಾರೂ ಹೇಳುವುದಿಲ್ಲ, ಹೇಳಿದರೆ ಅವರು ನಗುತ್ತಾರೆ.

"ಸಾವಕಾಶ ಊಟ ಮಾಡಿ, ಸಂಕೋಚ ಮಾಡ್ಕಳಡಿ" ಎನ್ನುತ್ತ ಅವನು ಸಾಲಿನ ತುದಿಗೆ ಬಂದ. ಅಸ್ಫಿಯಾಗೆ ಹೇಳಿದ. ಮುಂದಿನ ಎಲೆಗೆ ಬಗ್ಗಿದವನು ಪರಿಮಳಕ್ಕನನ್ನು ಕಂಡು ತಡೆದ. ಮುಗಿದ ಕೈ ಹಾಗೆಯೇ ಇತ್ತು.

"ಚಿಕ್ಕಿ, ನೀನು ಬಡಿಸೋದು ಬಿಟ್ಟು..."

"ಆನು ಕರೆದ ಕೂಸು ಒಂದೇ ಕೂತಿತ್ತು" ಎಂದಳು ಪರಿಮಳಕ್ಕ, ಅಸ್ಫಿಯಾಳ ಕಡೆ ಕೈ ತೋರಿಸಿ. ತಲೆ ಎತ್ತಿ ಅವನನ್ನೇ ನೋಡಿದಳು, ಕಣ್ಣು ತುಂಬಿತ್ತು. ಏಳಲಿಲ್ಲ.

ಎದುರು ಸಾಲಿನವರೆಲ್ಲ ನೋಡುತ್ತಿದ್ದರು. ಉಂಡೇಳುವ ಮುಂಚೆ ಯಾರನ್ನೂ ಎಲೆಯ ಮುಂದಿನಿಂದ ಎಬ್ಬಿಸುವಂತಿಲ್ಲ. ದಿನಕರ ಬೇರೆ ದಾರಿ ಕಾಣದೆ ಮುಗಿದ ಕೈಯನ್ನು ಇನ್ನಷ್ಟು ಮುಂದೆ ತಂದ.

"ಸಾವಕಾಶ ಊಟ ಮಾಡು ಚಿಕ್ಕಿ."

ಪರಿಮಳಕ್ಕ ನಗಲಿಲ್ಲ. ಬೇರೆ ನೆಂಟರು ಹೇಳುವಂತೆಯೇ "ಆಗ್ಲಿ" ಎಂದು, ಎಲೆಯ ಪಕ್ಕದ ಲೋಟದ ನೀರಿನಲ್ಲಿ ಕೈ ತೊಳೆದುಕೊಂಡು ಅನ್ನಕ್ಕೆ ಕೈ ಹಾಕಿದಳು.